ಹೊಸ ಟೈರು ಮುಂದಕ್ಕೆ

ಹೆಸರು ತಿಪ್ಪೇರುದ್ರ ಬಿನ್ ಗಾದ್ರಪ್ಪ, ವಯಸ್ಸು 41 ವರ್ಷ, ಕಸುಬು ಲಾರಿಯಲ್ಲಿ ಸೆಕೆಂಡ್ ಡ್ರೈವರ್, ವಾಸ ಬಿಳಿಚೋಡು, ಜಗಳೂರು ತಾಲ್ಲೂಕು, ದಾವಣಗೆರೆ ಜಿಲ್ಲೆ. ಚನ್ನಗಿರಿಯ ಶಾಯಿಸ್ತಾ ಕೋಂ ಸೈಫುಲ್ಲಾ ಇವರು ಲಾರಿ ಮಾಲೀಕರ ಮೇಲೆ ಕೊಟ್ಟ ದೂರಿನ ಬಗ್ಗೆ ಈ ದಿನ ನನ್ನನ್ನು ಹೊನ್ನಾಳಿ ಠಾಣೆಗೆ ಕರೆಸಿ ಕೇಳಿದ್ದರಿಂದ, ಈ ಮೂಲಕ ತಿಳಿಸುವುದೇನೆಂದರೆ,

ನಾನು ಹೊನ್ನಾಳಿಯ ಓಂಕಾರ್ ಎಂಬುವರ ಆರು ಚಕ್ರದ ಲಾರಿಯಲ್ಲಿ ಆರು ವರ್ಷದಿಂದ ಕೆಲಸ ಮಾಡಿಕೊಂಡಿರುತ್ತೇನೆ. ಸದರಿ ಲಾರಿಗೆ ಮೊದಲ ಡ್ರೈವರ್ ಸೈಫುಲ್ಲಾ ಬಿನ್ ಫಕೀರಸಾಬ, ವಯಸ್ಸು 46, ಚನ್ನಗಿರಿ ವಾಸಿ. ನನಗೆ ಸ್ಟೇರಿಂಗ್ ಕಲಿಸಿದವರು ಅವರೇ. ಅವರನ್ನು ನಾನು ಉಸ್ತಾದ್ ಎಂದು ಕರೆಯುತ್ತಿದ್ದೆನು. ಅವರು ಕುಡಿಯುತ್ತಿರಲಿಲ್ಲ. ಇದನ್ನು ಯಾರೂ ಕೇಳದಿದ್ದರೂ ಹೇಳುತ್ತಿದ್ದೇನೆ, ಏಕೆಂದರೆ ಡ್ರೈವರ್ ಸತ್ತ ಎಂದ ತಕ್ಷಣ ಎಲ್ಲರೂ ಮೊದಲು ಕೇಳುವುದು ಅದನ್ನೇ.

ಕಳೆದ ಡಿಸೆಂಬರ್ ತಿಂಗಳಲ್ಲಿ ಓಂಕಾರ್ ಅವರಿಗೆ ಜಗಳೂರಿನಿಂದ ಒಂದು ಲೋಡು ಸಿಕ್ಕಿತು. ಕುರಿ ಉಣ್ಣೆಯ ಕಂಬಳಿ. ಹಿಮಾಚಲ ಪ್ರದೇಶದಲ್ಲಿ ರಸ್ತೆ ಕೆಲಸ ಮಾಡುವ ಕೂಲಿಗಳ ಕ್ಯಾಂಪಿಗೆ ಒಬ್ಬ ಗುತ್ತಿಗೆದಾರ ತರಿಸಿಕೊಳ್ಳುತ್ತಿದ್ದರು. ಹಿಂದಿನ ಎರಡು ಸಲ ಲೋಡನ್ನು ಚಂಡೀಗಢದಲ್ಲೇ ಇಳಿಸಿ ವಾಪಸ್ ಬಂದಿದ್ದೆವು. ಈ ಸಲ ಶಿಮ್ಲಾ ದಾಟಿ, ನಾರಕಂಡ ಎಂಬ ಊರು ದಾಟಿ, ಘಟ್ಟದ ಆಚೆಗಿನ ಕ್ಯಾಂಪಿಗೇ ಮುಟ್ಟಿಸುವುದಾಗಿ ಓಂಕಾರ್ ಒಪ್ಪಿಕೊಂಡಿದ್ದರು. ಮುಟ್ಟಿಸಬೇಕಾದದ್ದು ಜನವರಿ ತಿಂಗಳಲ್ಲಿ, ಮೇಲೆ ಹಿಮ ಬೀಳುವ ಕಾಲ. ಸೈಫುಲ್ಲಾ ಅವರು, ನಾನು ಬೆಳಗಿನ ಜಾವ ಸಾಸ್ವೆಹಳ್ಳಿ ಹೊಳೆ ಮೇಲೆ ಕವಿಯೋ ಮಂಜು ಬಿಟ್ರೆ ಬ್ಯಾರೆ ಮಂಜು ಕಂಡವನಲ್ಲ ಸಾಹುಕಾರ್ರೇ, ಈ ರಬ್ಬರ್ ಅಲ್ಲಿ ನಿಲ್ಲಾಕಿಲ್ಲ ಎಂದರು. ಓಂಕಾರ್ ಅವರು, ಅದಕ್ಕೆ ಅಂತ್ಲೇ ಟೈರು ಬರ್ತವಂತೆ, ತರಿಸ್ತೀನಿ ಬಿಡು ಎಂದರು.

ಅದರಂತೆ ಚಂಡೀಗಢದ ಒಂದು ಅಂಗಡಿಗೆ ಫೋನ್ ಮಾಡಿ, ವಾಪಸ್ ಬರುತ್ತಿದ್ದ ತಮ್ಮದೇ ಇನ್ನೊಂದು ಲಾರಿಯಲ್ಲಿ ಟೈರು ತರಿಸಿದರು. ದಿನಾಂಕ 03-01-2025ರಂದು ಬೆಳಿಗ್ಗೆ ಅವುಗಳನ್ನು ನ್ಯಾಮತಿ ರಸ್ತೆಯಲ್ಲಿರುವ ಅನೀಸ್ ಎಂಬುವರ ಟೈರ್ ಅಂಗಡಿಯಲ್ಲಿ ಇಳಿಸಲಾಯಿತು. ನಾನು, ಸೈಫುಲ್ಲಾ, ಓಂಕಾರ್, ಅನೀಸ್ ನಾಲ್ವರೂ ಅಲ್ಲಿ ಇದ್ದೆವು. ಬಂದದ್ದು ಎರಡು ಟೈರು. ಲಾರಿಗೆ ಮುಂದೆ ಎರಡು, ಹಿಂದೆ ನಾಲ್ಕು, ಒಟ್ಟು ಆರು ಚಕ್ರ. ಬಂದದ್ದು ಎರಡೇ ಎಂಬುದನ್ನು ದಯಮಾಡಿ ಅಕ್ಷರದಲ್ಲೂ ಅಂಕಿಯಲ್ಲೂ ಬರೆದುಕೊಳ್ಳಬೇಕು.

ಅಂಥ ಟೈರನ್ನು ನಮ್ಮ ಕಡೆ ಯಾರೂ ನೋಡಿರಲಿಲ್ಲ. ಪಕ್ಕದ ಹೋಟೆಲಿನಲ್ಲಿ ಚಹಾ ಕುಡಿಯುತ್ತಿದ್ದವರೂ ಎದ್ದು ಬಂದರು. ನೆಲಕ್ಕೆ ತಾಗುವ ಬಟನ್ ಮೇಲೆಲ್ಲ ಬ್ಲೇಡಿನಿಂದ ಸೀಳಿದಂತೆ ಸಣ್ಣ ಸಣ್ಣ ಗೀರು. ಪಕ್ಕದಲ್ಲಿ ಬೆಟ್ಟದ ಚಿತ್ರ, ಬೆಟ್ಟದೊಳಗೆ ಒಂದು ಹೂವಿನ ಗುರುತು. ಅನೀಸ್ ಅವರು ಬೆರಳಾಡಿಸಿ, ಇದು ಟೈರಲ್ಲ ಸಾಹುಕಾರ್ರೇ, ಹೇನು ಬಾಚೋ ಹಣಿಗೆ ಎಂದರು. ಸೈಫುಲ್ಲಾ ಅವರು ಹೆಬ್ಬೆರಳಿನಿಂದ ಒತ್ತಿ ನೋಡಿ, ಬಿಸಿ ಮುದ್ದೆ ಇದ್ದಂಗೆ ಐತೆ, ನಮ್ಮ ರೋಡಿಗೆ ಹಾಕಿದ್ರೆ ಚಿತ್ರದುರ್ಗ ದಾಟೋದ್ರಾಗೆ ಸವೆದು ಹೋಗ್ತದೆ, ಮೇಲೆ ಕಟ್ಟಿಕೊಂಡು ಹೋಗಿ ಅಲ್ಲೇ ಹಾಕಾನ ಎಂದರು. ನಂತರ, ಉಳಿದ ನಾಲ್ಕು ಎಲ್ಲಿ ಎಂದು ಕೇಳಿದರು.

ಅದಕ್ಕೆ ಓಂಕಾರ್ ಅವರು, ಲಾರಿಗೇನು ಮದುವೆ ಮಾಡ್ತಿದೀನೇನೋ ಸೈಫು, ಆರಕ್ಕೆ ಆರೂ ಹೊಸದು ಉಡಿಸಾಕೆ ಎಂದರು. ನಿಂತವರೆಲ್ಲ ನಕ್ಕರು. ಸೈಫುಲ್ಲಾ ಅವರೂ ನಕ್ಕರು. ನಕ್ಕು, ಮುಂದಿನ ಟೈರು ಹೋದ್ರೆ ಡ್ರೈವರ್ ಹೋಗ್ತಾನೆ, ಹಿಂದಿಂದು ಹೋದ್ರೆ ಓನರ್ ದುಡ್ಡು ಹೋಗ್ತದೆ, ಹೋಗ್ಲಿ ಬಿಡ್ರಿ, ನನ್ನ ಪಾಲಿನ ಎರಡು ತರಿಸಿದೀರಲ್ಲ, ಸಾಕು ಎಂದರು. ಟೈರನ್ನು ಯಾವ ಚಕ್ರಕ್ಕೆ ಹಾಕಬೇಕೆಂದು ಆ ದಿನ ಯಾರೂ ಕೇಳಲಿಲ್ಲ, ಯಾರೂ ಹೇಳಲಿಲ್ಲ.

ಏಕೆ ಕೇಳಲಿಲ್ಲವೆಂದರೆ, ನಮ್ಮಲ್ಲಿ ಅದು ಕೇಳುವ ಮಾತಲ್ಲ. ಹೊಸ ಟೈರು ಮುಂದಕ್ಕೆ. ಅಲ್ಲಿ ಅರ್ಧ ಸವೆದ ಮೇಲೆ ಹಿಂದಕ್ಕೆ. ಪೂರಾ ಸವೆದ ಮೇಲೆ ಹೊಸ ರಬ್ಬರ್ ಅಂಟಿಸಿ ರೀಬಟನ್ ಹಾಕಿಸಿ ಮತ್ತೆ ಹಿಂದಕ್ಕೇ. ಕ್ಲೀನರ್ ಆಗಿ ಸೇರಿದವನಿಗೆ ಮೊದಲು ಕಲಿಸುವುದೇ ಇದು. ನಮ್ಮ ಬಿಸಿಲಿನಲ್ಲಿ ಲೋಡು ಗಾಡಿಯ ಮುಂದಿನ ಟೈರು ಸಿಡಿದರೆ ಸ್ಟೇರಿಂಗ್ ಕೈಗೆ ಸಿಗುವುದಿಲ್ಲ, ಗಾಡಿ ಹೋಗಿ ಮರಕ್ಕೋ ಸೇತುವೆಗೋ ಹೊಡೆಯುತ್ತದೆ. ಸೈಫುಲ್ಲಾ ಅವರ ಸ್ವಂತ ಅಣ್ಣ ತ್ಯಾವಣಿಗೆ ಹತ್ತಿರ ಹಾಗೆಯೇ ಸತ್ತವರು. ಚನ್ನಗಿರಿಯಿಂದ ಜಗಳೂರಿನವರೆಗೆ ಯಾವ ಡ್ರೈವರನ್ನು ನಿಲ್ಲಿಸಿ ಕೇಳಿದರೂ ಮುಂದಕ್ಕೆ ಎಂದೇ ಹೇಳುತ್ತಾನೆ. ಸಾಹೇಬರ ಜೀಪಿನ ಡ್ರೈವರ್ ಹೊರಗೆ ನಿಂತಿದ್ದಾರೆ, ಅವರನ್ನೂ ಕೇಳಬಹುದು.

ದಿನಾಂಕ 07-01-2025ರಂದು ಜಗಳೂರಿನಲ್ಲಿ ಕಂಬಳಿ ಲೋಡು ಮಾಡಿ, ಎರಡು ಟೈರನ್ನು ಲೋಡಿನ ಮೇಲೆ ಹಗ್ಗದಿಂದ ಬಿಗಿದು ಹೊರಟೆವು. ಒಬ್ಬರ ನಂತರ ಒಬ್ಬರು ಓಡಿಸಿಕೊಂಡು ದಿನಾಂಕ 12-01-2025ರಂದು ಬೆಳಿಗ್ಗೆ ಶಿಮ್ಲಾ ದಾಟಿ ಥಿಯೋಗ್ ಎಂಬ ಊರು ತಲುಪಿದೆವು. ಅಲ್ಲಿಂದ ಮುಂದೆ ರಸ್ತೆಯ ಎರಡೂ ಬದಿ ಹಿಮ ಇರುವುದು ಕಾಣುತ್ತಿತ್ತು. ರಸ್ತೆ ಬದಿಯ ಒಂದು ಟೈರ್ ಅಂಗಡಿಯಲ್ಲಿ ಲಾರಿ ನಿಲ್ಲಿಸಿದೆವು. ಅಂಗಡಿಯವರು ವಯಸ್ಸಾದವರು, ಹೆಸರು ಗೊತ್ತಿಲ್ಲ.

ಅವರು ನಮ್ಮ ಎರಡು ಟೈರುಗಳನ್ನು ಮುಟ್ಟಿ ನೋಡಿ, ಮಾಲು ಒಳ್ಳೆಯದೇ ಎಂದು, ಬಾಕಿಯವು ಎಲ್ಲಿ ಎಂದು ಹಿಂದಿಯಲ್ಲಿ ಕೇಳಿದರು. ಇಷ್ಟೇ ಎಂದೆವು. ಆಗ ಅವರು, ಇಂಜಿನ್ ತಿರುಗಿಸುವುದು ಹಿಂದಿನ ಚಕ್ರವನ್ನು, ಇಳಿಜಾರಿನಲ್ಲಿ ಜಾರುವುದೂ ಹಿಂದಿನ ಚಕ್ರವೇ, ಮುಂದೆ ಮಾತ್ರ ಇವನ್ನು ಹಾಕಿದರೆ ತಲೆ ನಿಲ್ಲುತ್ತದೆ, ಬಾಲ ನಿಲ್ಲುವುದಿಲ್ಲ, ಆರೂ ಹಾಕಬೇಕು, ಇಲ್ಲವೇ ಹಿಂದಿನ ಚಕ್ರಕ್ಕೆ ಹಿಮವನ್ನು ಕಚ್ಚಿ ಹಿಡಿಯುವ ಕಬ್ಬಿಣದ ಚೈನು ಕಟ್ಟಿಕೊಂಡು ಹೋಗಬೇಕು ಎಂದು ಹೇಳಿದರು. ನನಗೆ ಹಿಂದಿ ಚೆನ್ನಾಗಿ ಬರುತ್ತದೆ. ಸೈಫುಲ್ಲಾ ಅವರಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಇಬ್ಬರಿಗೂ ಪೂರ್ತಿ ಅರ್ಥವಾಯಿತು.

ಸೈಫುಲ್ಲಾ ಅವರು ನನ್ನ ಕಡೆ ತಿರುಗಿ ಕನ್ನಡದಲ್ಲಿ, ಹೊಸದನ್ನ ಹಿಂದಕ್ಕೆ ಹಾಕಿ ಮುಂದೆ ಸವೆದಿದ್ದರಾಗೆ ಹೋದ್ರೆ ಸ್ಟೇರಿಂಗು ಯಾರು ಹಿಡೀತಾರಲಾ, ಇವರಪ್ಪ ಬರ್ತಾನಾ ಎಂದರು. ನಾನು, ಹೌದು ಉಸ್ತಾದ್, ಮುಂದಕ್ಕೇ ಹಾಕಾನ ಎಂದೆನು. ಆದರೆ ಚೈನಿನ ಮಾತು ಅವರ ತಲೆಗೆ ಹೋಗಿತ್ತು. ಓಂಕಾರ್ ಅವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿ, ಅಂಗಡಿಯವರು ಹೇಳಿದ್ದನ್ನು ತಿಳಿಸಿದರು. ಆಗ ಸಮಯ ಸುಮಾರು ಹನ್ನೊಂದು ಗಂಟೆ.

ಓಂಕಾರ್ ಅವರು, ನಮ್ಮ ಸೀಮೆಯಾಗೆ ಯಾವನಾದ್ರೂ ಹೊಸ ಟೈರು ಹಿಂದಕ್ಕೆ ಹಾಕಿದ್ದು ನೋಡಿದಿಯೇನೋ ಸೈಫು, ಇಪ್ಪತ್ತು ವರ್ಷ ಗಾಡಿ ಹೊಡೆದು ಯಾವನೋ ಮುದುಕನ ಹತ್ರ ಕಲಿಯಾಕೆ ಹೋಗಿದಿಯಾ, ಮುಂದಕ್ಕೆ ಹಾಕು ಎಂದರು. ಸೈಫುಲ್ಲಾ ಅವರು, ಅದು ಸರಿ ಸಾಹುಕಾರ್ರೇ, ಒಂದು ಜೊತೆ ಚೈನು ಕೊಡಿಸ್ರಿ, ಇಲ್ಲೇ ಬಾಡಿಗೆಗೆ ಸಿಗ್ತದೆ ಎಂದರು. ಓಂಕಾರ್ ಅವರು, ಟೈರು ಕೊಡಿಸಿಲ್ವೇನೋ, ಬೂಟು ಹಾಕ್ಕಂಡ ಮೇಲೆ ಚಪ್ಲಿನೂ ಬೇಕು ಅಂತಿಯಲ್ಲ, ಅಷ್ಟು ಹೆದರಿಕೆ ಇದ್ರೆ ಸ್ಟೇರಿಂಗ್ ರುದ್ರನ ಕೈಗೆ ಕೊಟ್ಟು ಬಸ್ ಹತ್ತು ಎಂದು ಹೇಳಿ ಫೋನ್ ಇಟ್ಟರು.

ಸೈಫುಲ್ಲಾ ಅವರು ಫೋನನ್ನು ಅಂಗಿ ಜೇಬಿನಲ್ಲಿ ಇಟ್ಟುಕೊಂಡರು. ಆ ಫೋನು ಅವರ ಜೊತೆಯೇ ಹೋಯಿತು. ಕರೆ ಹೋದದ್ದು ಫೋನ್ ಕಂಪನಿಯವರ ದಾಖಲೆಯಲ್ಲಿ ಇರಬಹುದು, ಮಾತು ಇರುವುದಿಲ್ಲ. ಸದರಿ ಓಂಕಾರ್ ಅವರು ಈಗ, ನಾನು ಊಟ ಆಯ್ತಾ ಅಂತ ಕೇಳಾಕೆ ಮಾಡಿದ್ದು ಎನ್ನುತ್ತಿದ್ದಾರೆಂದು ತಿಳಿಯಿತು. ಮಾಡಿದ್ದು ಅವರಲ್ಲ, ನಾವು. ಅಷ್ಟಾದರೂ ದಾಖಲೆಯಲ್ಲಿ ಕಾಣುತ್ತದೆ.

ಅಂಗಡಿಯವರು ನಾವು ಹೇಳಿದಂತೆ ಎರಡನ್ನೂ ಮುಂದಕ್ಕೆ ಹಾಕಿದರು. ಹೊರಡುವಾಗ ಒಲೆಯ ಬೂದಿ ಬೆರೆಸಿದ ಮರಳು ಒಂದು ಚೀಲ ತಂದು, ಕೇಳದೆಯೇ ಲಾರಿಯೊಳಗೆ ಇಟ್ಟರು.

ಮಧ್ಯಾಹ್ನ ಒಂದು ಗಂಟೆಗೆ ಹೊರಟೆವು. ನಾರಕಂಡದವರೆಗೆ ಮೂವತ್ತು ಚಿಲ್ಲರೆ ಕಿಲೋಮೀಟರ್, ಯಂತ್ರದಿಂದ ಹಿಮ ತೆಗೆದಿದ್ದ ರಸ್ತೆ. ತೊಂದರೆಯಾಗಲಿಲ್ಲ. ಊರು ದಾಟಿ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಹಿಮ ಬೀಳತೊಡಗಿತು. ಅದು ಬೀಳುವಾಗ ಸದ್ದು ಇರುವುದಿಲ್ಲ. ಹಿಂತಿರುಗಲು ಅಗಲ ಸಾಲದು, ಹಿಂದೆ ಬೇರೆ ಗಾಡಿಗಳಿದ್ದವು. ಒಂದು ಸಣ್ಣ ಏರಿನಲ್ಲಿ ಹಿಂದಿನ ಚಕ್ರ ಬರೀ ಸುತ್ತಿ, ಲಾರಿ ನಿಂತಲ್ಲೇ ನಿಂತಿತು. ಆ ಹಿರಿಯರು ಕೊಟ್ಟ ಮರಳು ಹಾಕಿದೆವು, ಹತ್ತು ಮಾರು ಬಂದೆವು, ಮರಳು ಮುಗಿಯಿತು.

ಜಗಳೂರು ಕಡೆ ಕರಿ ನೆಲದ ಕೆಸರಲ್ಲಿ ಗಾಡಿ ಹೂತರೆ ಚಕ್ರದ ಕೆಳಗೆ ಗೋಣಿಚೀಲ ಹಾಸುತ್ತೇವೆ. ಸೈಫುಲ್ಲಾ ಅವರು ಲೋಡಿನ ಹಗ್ಗ ಬಿಚ್ಚಿ ಒಂದು ಕಟ್ಟು ಕಂಬಳಿ ಇಳಿಸಿ, ಹಾಸು ಎಂದರು. ಸಾಹುಕಾರ್ರು ಬೈತಾರೆ ಎಂದೆನು. ಬೈಲಿ, ಬೈಸಿಕೊಳ್ಳಾಕಾದ್ರೂ ಜೀವ ಇರಬೇಕಲ್ಲ, ಹಾಸು, ಜಗಳೂರು ಕುರಿ ಎಳೀತಾವೋ ಇಲ್ಲೋ ನೋಡಾನ ಎಂದರು. ಕಂಬಳಿ ಹಾಸಿ ಏರು ಹತ್ತಿಸಿದೆವು. ಆ ಕಂಬಳಿಗಳು ಹರಿದುಹೋದವು. ಅವು ಕಳುವಾಗಿವೆ ಎಂದು ಓಂಕಾರ್ ಅವರು ಹೇಳಿರುವುದು ಸುಳ್ಳು. ಅವು ಚಕ್ರದ ಕೆಳಗೆ ಹೋದವು.

ಏರು ಹತ್ತಿದ ಮೇಲೆ ಸೈಫುಲ್ಲಾ ಅವರಿಗೆ ಸಮಾಧಾನವಾಯಿತು. ಸ್ಟೇರಿಂಗನ್ನು ಆಚೆ ಈಚೆ ಆಡಿಸಿ ತೋರಿಸಿ, ನೋಡಲಾ ರುದ್ರ, ಹೆಂಗೆ ಮಾತು ಕೇಳ್ತದೆ, ಮುದುಕ ಸುಮ್ನೆ ಹೆದರಿಸಿದ ಎಂದರು. ನನಗೂ ಹಾಗೆಯೇ ಅನ್ನಿಸಿತು.

ಅಲ್ಲಿಂದ ಇಳಿಜಾರು. ಎಡಕ್ಕೆ ಬೆಟ್ಟ, ಬಲಕ್ಕೆ ಕಮರಿ. ಸೈಫುಲ್ಲಾ ಅವರು ನನಗೆ, ನೀನು ಕೆಳಗಿಳಿ, ಅಡ್ಡಗಲ್ಲು ಹಿಡಕೊಂಡು ಹಿಂದೆ ನಡ್ಕೊಂಡು ಬಾ, ಕೂಗಿದ ತಕ್ಷಣ ಚಕ್ರಕ್ಕೆ ಕೊಡು ಎಂದರು. ನಾನು ಒಂದು ಕಂಬಳಿ ಹೊದ್ದುಕೊಂಡು, ಎರಡೂ ಕೈಯಲ್ಲಿ ಕಲ್ಲು ಹಿಡಿದು, ಲಾರಿಯಿಂದ ಹತ್ತು ಹದಿನೈದು ಅಡಿ ಹಿಂದೆ ನಡೆಯುತ್ತಿದ್ದೆನು. ಲಾರಿ ಒಂದನೇ ಗೇರಿನಲ್ಲಿತ್ತು. ನಾನು ಓಡಲಿಲ್ಲ, ನಡೆಯುತ್ತಿದ್ದೆ. ಅಲ್ಲಿಯ ಎಫ್‌ಐಆರ್‌ನಲ್ಲಿ ಅತಿವೇಗ ಮತ್ತು ಅಜಾಗರೂಕತೆ ಎಂದು ಬರೆದಿದೆ ಎಂದು ಕೇಳಿದ್ದೇನೆ. ಭಾರದ ಕಲ್ಲು ಹೊತ್ತು ನಡೆಯುವವನನ್ನು ಹಿಂದೆ ಹಾಕಲಾಗದ ಲಾರಿ ಅತಿವೇಗದ ಲಾರಿ ಹೇಗಾಗುತ್ತದೆ ಎಂದು ಕೇಳಲು ನನಗೆ ಅಧಿಕಾರವಿಲ್ಲ. ಕೇಳಿದ್ದೇನೆ ಎಂದು ಬರೆದುಕೊಳ್ಳಿ.

ಸಮಯ ಸುಮಾರು ಮೂರೂವರೆ. ಎಡಕ್ಕೆ ತಿರುವು ಬಂತು. ಸೈಫುಲ್ಲಾ ಅವರು ಮೆಲ್ಲಗೆ ಬ್ರೇಕ್ ಹಾಕಿದರು. ಹಿಂದಿನ ಕೆಂಪು ಲೈಟು ಹತ್ತಿದ್ದನ್ನು ನಾನು ನೋಡಿದೆನು. ಲಾರಿಯ ಮುಂಭಾಗ ನಿಂತಿತು. ಹಿಂಭಾಗ ನಿಲ್ಲಲಿಲ್ಲ. ಅದು ಬಲಕ್ಕೆ ಜಾರಿ, ನಿಧಾನವಾಗಿ ಸುತ್ತಿಕೊಂಡು, ಕಣದಲ್ಲಿ ರೂಲುಗಲ್ಲು ತಿರುಗಿದ ಹಾಗೆ ತಿರುಗಿತು. ಕ್ಯಾಬಿನ್ ನನ್ನ ಕಡೆಗೆ ಮುಖ ಮಾಡಿತು. ಗಾಜಿನೊಳಗೆ ಸೈಫುಲ್ಲಾ ಅವರು ಕಂಡರು. ಸ್ಟೇರಿಂಗ್ ತಿರುಗಿಸುತ್ತಲೇ ಇದ್ದರು. ನನ್ನನ್ನು ನೋಡಿದರು. ಒಂದು ಕೈ ಬಿಟ್ಟು, ಆ ಕಡೆ ಸರಿ, ಬೆಟ್ಟದ ಕಡೆ ಸರಿ ಎಂದು ನನಗೆ ಕೈ ಬೀಸಿದರು. ನಾನು ಸರಿದೆನು. ಹಿಂದಿನ ಚಕ್ರ ರಸ್ತೆಯಿಂದ ಇಳಿಯಿತು, ಆಮೇಲೆ ಲಾರಿ ಹೋಯಿತು. ಕೂಗಿದ ತಕ್ಷಣ ಕಲ್ಲು ಕೊಡು ಎಂದಿದ್ದರು. ಅವರು ಕೂಗಲಿಲ್ಲ. ನಾನು ಕಲ್ಲು ಹಿಡಿದು ನಿಂತೇ ಇದ್ದೆ, ಹಿಂದಿನ ಜೀಪಿನವರು ಬಂದು ಅದನ್ನು ನನ್ನ ಕೈಯಿಂದ ಬಿಡಿಸಿದರು.

ಕೆಳಗಿನಿಂದ ಅವರನ್ನು ಮೇಲಕ್ಕೆ ತಂದದ್ದು ರಸ್ತೆ ಕೆಲಸದ ಕೂಲಿಗಳು. ಕಮರಿಯ ತುಂಬ ಕಂಬಳಿ ಹರಡಿತ್ತು. ಅವುಗಳಲ್ಲೇ ಒಂದರಲ್ಲಿ ಸುತ್ತಿ ತಂದರು. ಆ ಕೂಲಿಗಳಲ್ಲಿ ಒಬ್ಬನ ಮೈಮೇಲೂ ಕಂಬಳಿ ಇರಲಿಲ್ಲ, ಎಲ್ಲರೂ ಪ್ಲಾಸ್ಟಿಕ್ ಹೊದ್ದಿದ್ದರು. ನಾವು ತಂದಿದ್ದ ಮಾಲು ಅವರದೇ. ಅವರು ಒಂದನ್ನೂ ತೆಗೆದುಕೊಳ್ಳಲಿಲ್ಲ.

ಚನ್ನಗಿರಿಗೆ ಮೈಯತ್ ತಂದು ಮಣ್ಣು ಮಾಡಿದ ದಿನ ಓಂಕಾರ್ ಅವರು ಬಂದಿದ್ದರು. ಕಬರಸ್ಥಾನದ ಗೋಡೆಯ ಹೊರಗೆ ನನ್ನನ್ನು ಕರೆದು, ನೋಡು ರುದ್ರ, ಟೈರು ಕೊಡಿಸಿದ್ದು ನಾನು, ತಪ್ಪು ಕಡೆ ಹಾಕಿದ್ದು ಅವನು, ಬಿಲ್ಲು ನನ್ನ ಹತ್ರ ಐತೆ, ಇಷ್ಟು ಹೇಳಿದ್ರೆ ಸಾಕು, ಹೊಸ ಗಾಡಿ ಬರ್ತದೆ, ಫಸ್ಟ್ ಡ್ರೈವರ್ ನೀನೇ ಎಂದರು. ನಾನು ಅಲ್ಲಿಂದ ಟೈರ್ ಅಂಗಡಿಗೆ ಹೋದೆನು. ಅನೀಸ್ ಅವರನ್ನು ಕಂಡು, ಬಂದದ್ದು ಎರಡೇ ಟೈರು ಎಂದು ನೀವಾದರೂ ಹೇಳಿ ಎಂದು ಕೇಳಿದೆ. ಅವರು, ಓಂಕಾರಣ್ಣನ ಗಾಡಿಗಳೆಲ್ಲ ನನ್ನ ಅಂಗಡಿಗೇ ಬರ್ತವೆ ರುದ್ರಣ್ಣ, ನನ್ನ ಬಿಟ್ಬಿಡು ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ.

ಹಿಮಾಚಲದ ಎಫ್‌ಐಆರ್‌ನಲ್ಲಿ ಆರೋಪಿ ಸೈಫುಲ್ಲಾ. ಸತ್ತವನೂ ಅವನೇ, ಕೊಂದವನೂ ಅವನೇ. ಆರು ಚಕ್ರಕ್ಕೆ ಎರಡು ಟೈರು ಕೊಡಿಸಿದವರು ಅಜಾಗರೂಕರಲ್ಲ. ಚೈನು ಕೇಳಿದ್ದಕ್ಕೆ ಬಸ್ ಹತ್ತು ಎಂದವರು ಅಜಾಗರೂಕರಲ್ಲ. ಕೂಲಿಗಳಿಗೆ ಚಳಿಗಾಲದ ನಡುವೆ ಕಂಬಳಿ ತರಿಸುವ ಗುತ್ತಿಗೆದಾರ ಅಜಾಗರೂಕನಲ್ಲ. ಇವರೆಲ್ಲ ಬೆಚ್ಚಗೆ ಮನೆಯಲ್ಲಿದ್ದಾಗ ಒಂದನೇ ಗೇರಿನಲ್ಲಿ ಇಳಿಯುತ್ತಿದ್ದವನೊಬ್ಬನೇ ಅಜಾಗರೂಕ. ಇದು ಹೇಳಿಕೆಗೆ ಸಂಬಂಧಪಟ್ಟದ್ದಲ್ಲ ಎಂದು ಬರೆದುಕೊಳ್ಳುತ್ತಿರುವವರು ಹೇಳಿದರು. ಇದಕ್ಕೇ ಸಂಬಂಧಪಟ್ಟದ್ದು ಎಂದು ನಾನು ಹೇಳಿದ್ದರಿಂದ ಬರೆದುಕೊಂಡಿದ್ದಾರೆ.

ಪಿರ್ಯಾದಿ ಶಾಯಿಸ್ತಾ ಅವರು ಕಳೆದ ವಾರ ನನ್ನನ್ನು ಚನ್ನಗಿರಿಗೆ ಕರೆಸಿಕೊಂಡಿದ್ದರು. ಅವರಿಗೆ ನಾನು ಎಲ್ಲವನ್ನೂ ಹೇಳಿದೆನು, ಥಿಯೋಗಿನ ಅಂಗಡಿಯವರ ಮಾತು ಸಹಿತ. ಅವರು, ರುದ್ರಣ್ಣ, ಆ ಮುದುಕನ ಮಾತು ಠಾಣೆಯಾಗೆ ಹೇಳಬ್ಯಾಡ, ಓನರ್ ಫೋನಿನಾಗೆ ಮುಂದಕ್ಕೆ ಹಾಕು ಅಂದ್ರು, ಇವರು ಹಾಕಿದ್ರು, ಅಷ್ಟೇ ಹೇಳು ಎಂದರು. ದುಡ್ಡಿಗಲ್ಲ ಅಣ್ಣ, ಇಸ್ಕೂಲಿನಾಗೆ ನನ್ನ ಮಗಳಿಗೆ ನಿಮ್ಮಪ್ಪ ಲಾರಿ ಬೀಳಿಸಿದ ಅಂತಾರೆ, ಅಲ್ಲ ಅಂತ ಬರೆದ ಒಂದು ಕಾಗದ ಬೇಕು ನನಗೆ ಎಂದರು.

ಈ ದಿನ ಠಾಣೆಯ ಹೊರಗೆ ಬೆಂಚಿನ ಮೇಲೆ ಅವರು ಕುಳಿತಿದ್ದರು. ಒಳಗೆ ಬರುವ ಮೊದಲು ನಾನು ಅವರ ಬಳಿ ಹೋಗಿ, ಅಕ್ಕ, ಅರ್ಧ ಹೇಳಿದರೆ ಓಂಕಾರ್ ಅವರ ವಕೀಲರು ಥಿಯೋಗಿನ ಆ ಹಿರಿಯರನ್ನು ಹುಡುಕಿ ತರುತ್ತಾರೆ, ಆಗ ಚೈನು ಕೇಳಿದ್ದೂ ಸುಳ್ಳಾಗುತ್ತದೆ, ನಾನು ಪೂರ್ತಿ ಹೇಳುತ್ತೇನೆ ಎಂದೆನು. ಅವರು ನನ್ನ ಮುಖ ನೋಡದೆ, ಹಂಗಾದ್ರೆ ಒಳಗೆ ಹೋಗಿ ಅವರನ್ನ ಇನ್ನೊಂದ್ಸಲ ಆ ಕಮರಿಗೆ ತಳ್ಳಿ ಬಾ ಎಂದರು.

ಸಾಹೇಬರು ನನಗೆ ಎರಡು ಪ್ರಶ್ನೆ ಕೇಳಿದ್ದಾರೆ. ಅಂಗಡಿಯವರು ಎಚ್ಚರಿಸಿದ್ದು ಮೃತರಿಗೆ ಗೊತ್ತಿತ್ತೇ ಎಂದು ಮೊದಲನೆಯದು. ಗೊತ್ತಿತ್ತು. ಮಾಲೀಕರಿಗೆ ಫೋನ್ ಮಾಡುವ ಮೊದಲೇ ಮುಂದಕ್ಕೆ ಹಾಕುವುದೆಂದು ಮೃತರು ತೀರ್ಮಾನಿಸಿದ್ದರೇ ಎಂದು ಎರಡನೆಯದು. ಹೌದು, ತೀರ್ಮಾನಿಸಿದ್ದರು, ನಾನೂ ಒಪ್ಪಿದ್ದೆ. ಬೇರೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದ್ದಾರೆ. ಅವರು ಚೈನು ಕೇಳಿದ್ದರು. ಅದಕ್ಕೆ ನನ್ನ ಕಿವಿ ಬಿಟ್ಟು ಬೇರೆ ಸಾಕ್ಷಿ ಇಲ್ಲ.

ಈ ಹೇಳಿಕೆಯಿಂದ ಓಂಕಾರ್ ಅವರಿಗೆ ಏನೂ ಆಗುವುದಿಲ್ಲ, ಸೈಫುಲ್ಲಾ ಅವರ ಹೆಸರಿನ ಮುಂದಿರುವ ಆರೋಪಿ ಎಂಬ ಮಾತು ಅಳಿಯುವುದಿಲ್ಲ ಎಂದು ನನಗೆ ತಿಳಿದಿದೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಈ ನಾಲ್ಕು ತಾಲ್ಲೂಕಿನಲ್ಲಿ ಇನ್ನು ಯಾವ ಓನರೂ ನನ್ನ ಕೈಗೆ ಸ್ಟೇರಿಂಗ್ ಕೊಡುವುದಿಲ್ಲ, ಅದೂ ತಿಳಿದಿದೆ. ಮೇಲೆ ಹೇಳಿದ್ದನ್ನು ನನಗೆ ಓದಿ ಹೇಳಿದ್ದಾರೆ. ಬಾಗಿಲು ತೆರೆದೇ ಇದ್ದುದರಿಂದ ಓದಿದ್ದು ಹೊರಗಿನ ಬೆಂಚಿಗೂ ಕೇಳಿಸಿದೆ. ಓದಿ ಮುಗಿಯುವ ಮೊದಲೇ ಶಾಯಿಸ್ತಾ ಅವರು ಎದ್ದು ಹೋದರು. ನಡೆದದ್ದು ಹೀಗೆಯೇ. ಇದರಲ್ಲಿ ಕೂಡಿಸಿದ್ದಿಲ್ಲ, ಬಿಟ್ಟಿದ್ದಿಲ್ಲ.

ಸ್ಥಳ: ಹೊನ್ನಾಳಿ
ದಿನಾಂಕ: 24-02-2025

ಸಹಿ
(ತಿಪ್ಪೇರುದ್ರ)